ನಿಂತಲ್ಲೇ ನೀರು ಕುಡಿದ ಗಾಡಿ

ಮೊದಲು ನಲ್ಲಿ ಬಿಗಿಯಾಗಿ ತಿರುಗಿಸಿ ಬನ್ನಿ. ಈ ಕತೆ ಕೇಳುವಾಗ ನೀರು ತೊಟ್ಟಿಕ್ಕುವ ಸದ್ದು ಬೇಡ.

ಇದು ಆದದ್ದು ಲಕ್ಷ್ಮಿಕಾಂತನಿಗೆ. ಲಿಂಗರಾಜಪುರದಲ್ಲಿ ರೈಲು ಹಳಿಯ ಪಕ್ಕ ಬಾಡಿಗೆ ಮನೆಗಳ ಸಾಲಿದೆಯಲ್ಲ, ಅದರಲ್ಲಿ ಮೂರನೇ ಬಾಗಿಲು ಅವನದು. ಊರು ಲಿಂಗಸುಗೂರು ಕಡೆ, ಕೆಲಸ ಬಾಡಿಗೆ ಗಾಡಿ ಓಡಿಸೋದು. ಹೆಂಡತಿ ಗಂಗಾ ಕುಕ್ ಟೌನಿನ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಅವನು ಕುಡಿಯುವವನಲ್ಲ, ಕಟ್ಟಿ ಹೇಳುವವನೂ ಅಲ್ಲ. ಹತ್ತು ಸಲ ಕೇಳಿದರೂ ಹತ್ತು ಸಲವೂ ಒಂದೇ ಥರ ಹೇಳುತ್ತಾನೆ. ಹನ್ನೊಂದನೇ ಸಲ ಕೇಳಿದರೆ ಎದ್ದು ಹೋಗುತ್ತಾನೆ.

ಮಾರ್ಚ್ ತಿಂಗಳು. ರಾತ್ರಿ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಲಕ್ಷ್ಮಿಕಾಂತ ಗಾಡಿಯನ್ನು ಓನರಿನ ಯಾರ್ಡಿಗೆ ತಂದು ಬಿಟ್ಟ. ಹಳೇ ಬಿಳಿ ಡೀಸೆಲ್ ಗಾಡಿ, ಏಳು ಸೀಟಿನದು, ಮೂರು ಲಕ್ಷ ಕಿಲೋಮೀಟರ್ ದಾಟಿದ್ದು. ಯಾರ್ಡಿನ ಮೂಲೆಯಲ್ಲಿ ಒಂದು ಆಲದ ಮರ. ಮರದ ಬುಡಕ್ಕೆ ಹತ್ತು ಹೆಜ್ಜೆಯಲ್ಲಿ ಹಳೇ ಬಾವಿ. ಬಾವಿ ಬತ್ತಿ ನಲವತ್ತು ವರ್ಷ ಆಗಿತ್ತು. ಈಗ ಅದರ ಮೇಲೆ ಕಾಂಕ್ರೀಟ್ ಸ್ಲ್ಯಾಬ್. ಆ ಸ್ಲ್ಯಾಬೇ ಈ ಗಾಡಿಯ ಜಾಗ.

ಎಂಜಿನ್ ಆಫ್ ಮಾಡಿದ. ಬಾಗಿಲು ಹಾಕಿದ. ಗೇಟಿನ ಕಡೆ ನಡೆದ.

ಕಾದ ಎಂಜಿನ್ ತಣ್ಣಗಾಗುವಾಗ ಸದ್ದು ಮಾಡುತ್ತೆ. ಟಿಣ್... ಟಿಣ್... ಡ್ರೈವರಿಗೆ ಅದು ಮಾಮೂಲು. ಆಲದ ಮರ ದಾಟುವಾಗ ಆ ಟಿಣ್ ಟಿಣ್ ನಿಂತಿತು. ಆಮೇಲೆ ಬೇರೆ ಸದ್ದು.

ಗುಟುಕ್...

ನಿಂತ.

ಗುಟುಕ್... ಗುಟುಕ್...

ಬಾಯಾರಿದವನು ತಲೆ ಎತ್ತಿ ಚೊಂಬಿನಿಂದ ಕುಡಿದರೆ ಗಂಟಲಲ್ಲಿ ಆಗುತ್ತಲ್ಲ, ಅದೇ ಸದ್ದು.

"ಲೇ, ಬರ್ತೀಯೋ ಬೀಗ ಹಾಕ್ಲೋ?" ಗೇಟಿನಿಂದ ಓನರ್ ಕೂಗಿದ. ಲಕ್ಷ್ಮಿಕಾಂತ ಓಡಿದ. ಹಿಂದಿನಿಂದ ಬೀಗ ಬಿತ್ತು. ಖಡಕ್.

ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರಿನಲ್ಲಿ ಎರಡು ಲೀಟರ್ ನೀರು ಕಮ್ಮಿ ಇತ್ತು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಸಂಕ್ರಾಂತಿಯಿಂದ ದಿನಾ ಇದೇ ಪಾಡು. ದಿನಾ ಬೆಳಿಗ್ಗೆ ನಲ್ಲಿಯಿಂದ ಎರಡು ಲೀಟರ್ ಹಿಡಿದು ಸುರಿಯೋದು, ರಾತ್ರಿ ಅದು ಮಾಯ ಆಗೋದು.

ಓನರ್ ಹೆಸರು ಮುನಿಆಂಜನಪ್ಪ. ಆ ಜಾಗದಲ್ಲಿ ಅವನ ಅಪ್ಪ ರಾಗಿ ಬೆಳೆದಿದ್ದ, ಬಾವಿಯಿಂದ ನೀರು ಸೇದಿದ್ದ. ಮಗ ಹೊಲದ ಸುತ್ತ ಗೋಡೆ ಎಬ್ಬಿಸಿ, ಗೋಡೆ ಮೇಲೆ ಗಾಜಿನ ಚೂರು ನೆಟ್ಟು, ಆರು ಹಳೇ ಡೀಸೆಲ್ ಗಾಡಿ ಬಾಡಿಗೆಗೆ ಬಿಟ್ಟ. ಅವನದು ಎರಡು ಪದ್ಧತಿ. ಒಂದು, ರಾತ್ರಿ ಹನ್ನೊಂದಕ್ಕೆ ಗೇಟಿಗೆ ಹೊರಗಿನಿಂದ ಬೀಗ, ಬೆಳಿಗ್ಗೆ ಐದೂವರೆಗೆ ತೆಗೆಯೋದು. ಕೀಲಿ ಅವನ ಸೊಂಟದಲ್ಲಿ. ಎರಡು, ಕೆಲಸಕ್ಕೆ ಸೇರುವ ದಿನ ಡ್ರೈವರಿನ ಅಸಲಿ ಲೈಸೆನ್ಸ್ ಇಸಿದುಕೊಂಡು ಬೀರುವಿನಲ್ಲಿ ಇಡೋದು.

"ಗಾಡಿ ತಗೊಂಡು ಓಡಿ ಹೋದ್ರೆ?" ಅಂತಿದ್ದ. "ಆ ಹಂಪಣ್ಣ ಓಡ್ಲಿಲ್ವಾ? ನಿಮ್ಮ ಕಡೆಯೋರನ್ನ ನಂಬೋ ಹಂಗಿಲ್ಲ ಕಣಯ್ಯಾ."

ಹಂಪಣ್ಣ ಇವನಿಗಿಂತ ಮುಂಚೆ ಇದ್ದ ಡ್ರೈವರ್. ದೇವದುರ್ಗ ಕಡೆಯವನು. ರೂಮು ಮಾಡಿಕೊಳ್ಳದೆ ಯಾರ್ಡಿನಲ್ಲೇ ಮಲಗುತ್ತಿದ್ದ. ಹಿಂದಿನ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಾಣಲಿಲ್ಲ. ಓಡಿ ಹೋದ ಅಂದರು. ಯಾರೂ ಹುಡುಕಲಿಲ್ಲ. ಎರಡು ತಿಂಗಳಾದ ಮೇಲೆ ಅವನ ತಾಯಿ ಶೇಷಮ್ಮ ಕೈಯಲ್ಲಿ ಮಗನ ಫೋಟೋ ಹಿಡಿದು ಗೇಟಿಗೆ ಬಂದಳು. "ನನ್ನ ಮಗ ಊರಿಗೆ ಬಂದಿಲ್ಲರಿ ಯಪ್ಪಾ," ಅಂದಳು. ಓನರ್ ಗೇಟಿನ ಕಿಂಡಿಯಿಂದಲೇ ಮಾತಾಡಿ ಕಳಿಸಿದ. ಬೀದಿ ತುದಿಯಲ್ಲಿ ಕೂತಿದ್ದ ಮುದುಕಿಗೆ ಗಂಗಾ ನೀರು ಕೊಟ್ಟಳು. ಮುದುಕಿ ಕುಡಿಯಲಿಲ್ಲ. ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಒಂದು ಗಾಡಿಯಲ್ಲಿ ಎರಡು ಲೀಟರ್ ನೀರು ಕಮ್ಮಿಯಾದರೆ ಎರಡು ತಿಂಗಳು ವಿಚಾರಣೆ. ಒಬ್ಬ ಮನುಷ್ಯ ಕಮ್ಮಿಯಾದರೆ ಒಂದು ದಿನ ಕೂಡ ಇಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಕೇಳಿ.

ಲಕ್ಷ್ಮಿಕಾಂತನಿಗೆ ಕೆ.ಆರ್. ಪುರದ ಒಂದು ಶಾಲೆಯಲ್ಲಿ ಬಸ್ ಓಡಿಸುವ ಕೆಲಸ ಸಿಕ್ಕಿತು. ಭಾನುವಾರ ರಜೆ, ಸಂಜೆ ಐದಕ್ಕೆ ಮನೆ. ಸೋಮವಾರ ಬೆಳಿಗ್ಗೆ ಆರಕ್ಕೆ ಅಸಲಿ ಲೈಸೆನ್ಸ್ ಹಿಡಿದುಕೊಂಡು ಬರಬೇಕು, ಫೋನಿನಲ್ಲಿ ತೋರಿಸೋದು ನಡೆಯಲ್ಲ ಅಂದಿದ್ದರು. ಶನಿವಾರ ಬೆಳಿಗ್ಗೆ ಓನರ್ ಹತ್ತಿರ ಕೇಳಿದ.

"ಕೊಡಲ್ಲ," ಅಂದ ಮುನಿಆಂಜನಪ್ಪ. "ಗಾಡಿ ನೀರು ಕುಡೀತಿದೆ. ಹೊರಗೆ ಲೀಕ್ ಇಲ್ಲ. ಹಂಗಂದ್ರೆ ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು ಎಂಜಿನ್ ಒಳಗೆ ಹೋಗ್ತಿದೆ. ಮೊನ್ನೆ ಟಿನ್ ಫ್ಯಾಕ್ಟರಿ ಸರ್ಕಲ್ ಜಾಮಲ್ಲಿ ಹೀಟಿನ ಮುಳ್ಳು ಕೆಂಪಿಗೆ ಹೋಗಿತ್ತು ಅಂತ ನೀನೇ ಹೇಳ್ದೆ. ನೀರಿಲ್ದೆ ಓಡ್ಸಿ ಸುಟ್ಟಿದ್ದೀಯ. ಎಂಜಿನ್ ಬಿಚ್ಚಿಸಿ ಸರಿ ಮಾಡ್ಸು, ಆಮೇಲೆ ಹೋಗು."

"ನಾ ಸುಟ್ಟಿಲ್ಲ ಓನರ್. ಬೆಳಿಗ್ಗೆ ನೀರು ತುಂಬಿಸ್ಕೊಂಡೇ ಹೋಗಿದ್ದೆ."

"ಹಂಗಾದ್ರೆ ನೀರು ಎಲ್ಲೋಯ್ತು? ದೆವ್ವ ಕುಡೀತಾ?"

ಅಲ್ಲಿದ್ದ ಡ್ರೈವರುಗಳೆಲ್ಲ ನಕ್ಕರು. ಲಕ್ಷ್ಮಿಕಾಂತ ನಗಲಿಲ್ಲ.

"ಗ್ಯಾಸ್ಕೆಟ್ ಹೋಗಿಲ್ಲ ಅಂತ ತೋರ್ಸು," ಅಂದ ಓನರ್. "ತೋರ್ಸಿದ್ರೆ ಲೈಸೆನ್ಸ್ ನಿಂದು."

ನೋಡಿ, ಕೀಲಿ ಅವನದು, ಗೋಡೆ ಅವನದು, ಗಾಡಿ ಅವನದು. ತಪ್ಪು ಮಾಡಿಲ್ಲ ಅಂತ ತೋರಿಸುವ ಪಾಡು ಮಾತ್ರ ಡ್ರೈವರಿನದು.

ಲಕ್ಷ್ಮಿಕಾಂತ ಗಾಡಿಯನ್ನು ಶಿವಾಜಿನಗರಕ್ಕೆ ಹೊಡೆದ. ಇನಾಯತ್ ಉಲ್ಲಾ ಭಾಯ್ ಹತ್ತಿರ. ಒಂದು ಗಾಡಿ ನಿಲ್ಲುವಷ್ಟೇ ಜಾಗದ ಶೆಡ್ಡು. ಅರವತ್ತು ದಾಟಿದ ಮನುಷ್ಯ, ಡೀಸೆಲ್ ಎಂಜಿನ್ ಬಿಟ್ಟರೆ ಬೇರೆ ಮುಟ್ಟುವವನಲ್ಲ. ಗಾಡಿ ಬಂದ ತಕ್ಷಣ ಬಿಚ್ಚುವ ಚಾಳಿ ಅವನಿಗಿಲ್ಲ. ಲಕ್ಷ್ಮಿಕಾಂತ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ ಕೂಡಲೇ ಭಾಯ್ ಕೈಗೆ ಹೊಡೆದ.

"ನಕ್ಕೋ ಭಾಯ್, ಮುಟ್ಬೇಡ! ಬಿಸಿ ಇರುವಾಗ ತೆಗೆದ್ರೆ ಮುಖ ಬೇಯ್ತದೆ. ಚಾ ಕುಡಿ. ತಣ್ಣಗಾಗ್ಲಿ."

ಒಂದೂವರೆ ಗಂಟೆ ಬಿಟ್ಟು ಶುರು ಮಾಡಿದ. ಮೊದಲು ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿಕೊಂಡ. "ಕಪ್ಪಗಿದೆ. ನೀರು ಸೇರಿದ್ರೆ ಮಜ್ಜಿಗೆ ಆಗ್ತಿತ್ತು. ಆಗಿಲ್ಲ." ಮುಚ್ಚಳ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿಸಿದ. ರೇಡಿಯೇಟರಿನ ಬಾಯಿಗೆ ರಬ್ಬರ್ ಗ್ಲೌಸ್ ಕಟ್ಟಿದ. ಗ್ಯಾಸ್ಕೆಟ್ ಸುಟ್ಟಿದ್ದರೆ ಒಳಗಿನ ಗಾಳಿ ನೀರಿಗೆ ನುಗ್ಗುತ್ತೆ, ಗ್ಲೌಸು ಕೈಯೆತ್ತಿ ನಿಲ್ಲುತ್ತೆ. ಐದು ನಿಮಿಷ... ಹತ್ತು ನಿಮಿಷ... ಗ್ಲೌಸು ಸತ್ತ ಕೋಳಿ ಥರ ಬಿದ್ದೇ ಇತ್ತು. ಸೈಲೆನ್ಸರ್ ಹತ್ತಿರ ಕೂತು ಹೊಗೆ ಮೂಸಿದ. ಬಿಳಿ ಇಲ್ಲ, ಸಿಹಿ ವಾಸನೆ ಇಲ್ಲ. ಕೊನೆಗೆ ಕೈಪಂಪು ಸಿಕ್ಕಿಸಿ ಒತ್ತಡ ಕೊಟ್ಟು ಅರ್ಧ ಗಂಟೆ ಬಿಟ್ಟ. ಮೀಟರಿನ ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಗ್ಯಾಸ್ಕೆಟ್ ಪಕ್ಕಾ ಇದೆ," ಅಂದ ಭಾಯ್. ಆದರೆ ಹುಬ್ಬು ಗಂಟಿಕ್ಕಿತ್ತು. "ಯಾವಾಗಿಂದ ಹೀಗೆ?"

"ಸಂಕ್ರಾಂತಿಯಿಂದ."

"ಸಂಕ್ರಾಂತಿಗೆ ಏನು ಬದಲಾಯ್ತು? ಹೋಸ್? ಪಂಪು?"

"ಏನೂ ಇಲ್ಲ ಭಾಯ್. ನಿಲ್ಸೋ ಜಾಗ ಒಂದೇ ಬದಲಾಗಿದ್ದು. ಅಲ್ಲಿ ಮೊದ್ಲು ಒಂದು ವ್ಯಾನ್ ನಿಲ್ತಿತ್ತು. ಅದೂ ನೀರು ಕುಡೀತಿತ್ತಂತೆ, ಮಾರಿಬಿಟ್ರು. ಆಮೇಲೆ ಇದನ್ನ ಅಲ್ಲಿ ನಿಲ್ಸೋಕೆ ಶುರು ಮಾಡಿದ್ವಿ."

ಭಾಯ್ ತಾನೇ ಗಾಡಿ ಹತ್ತಿ ಹಲಸೂರು ಮೇಲೆ ಕೆ.ಆರ್. ಪುರದ ತನಕ ಓಡಿಸಿ, ಅದೇ ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿ, ವಾಪಸ್ ಬಂದ. ನೀರು ಹಾಕಿದಷ್ಟೇ ಇತ್ತು.

"ಕೇಳು ಮಿಯಾ. ನೀರು ಹಂಗೆ ಮಾಯ ಆಗಲ್ಲ. ಹೊರಗೆ ಹೋಗಿಲ್ಲಾಂದ್ರೆ ಒಳಗೆ ಇರ್ಬೇಕು. ಮೂವತ್ತೆಂಟು ವರ್ಷದಿಂದ ನಾನು ನೋಡಿದ್ದು ಇಷ್ಟೇ. ಓಡುವಾಗ ಕಮ್ಮಿ ಆಗ್ತಾ ಇಲ್ಲ. ನಿಂತಾಗ ಆಗ್ತಾ ಇದೆ. ಹಂಗಾದ್ರೆ ರಾತ್ರಿ ಅದರ ಜೊತೆ ನೀನೇ ಇರು."

ಇದ್ದ ನೀರನ್ನೆಲ್ಲ ಬಸಿದ. ಹೊಸ ಡಬ್ಬಿ ಒಡೆದು, ಎಂಜಿನ್ ತಂಪಿಡುವ ಗಿಳಿ ಹಸಿರಿನ ಕೂಲೆಂಟ್ ತುಂಬಿಸಿದ. ಎಲ್ಲಿ ಸೋರಿದರೂ ಬಣ್ಣ ಕಾಣಲಿ ಅಂತ. ಮುಚ್ಚಳ ಬಿಗಿದು, ಮುಚ್ಚಳದಿಂದ ರೇಡಿಯೇಟರಿನ ಕತ್ತಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ. ಯಾರಾದರೂ ತಿರುಗಿಸಿದರೆ ಗೆರೆ ತಪ್ಪುತ್ತೆ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಟ್ಟಕ್ಕೆ ಪೆನ್ನಿನ ಗುರುತು ಹಾಕಿದ.

"ಉಳಿದಿದ್ದನ್ನ ಮುಚ್ಚಿಡು," ಅಂದ. "ಸಿಹಿ ಇರ್ತದೆ. ನಾಯಿ ನೆಕ್ಕಿದ್ರೆ ಸಾಯ್ತದೆ. ಬೆಳಿಗ್ಗೆ ಆರಕ್ಕೆ ನಾನೇ ಬರ್ತೀನಿ. ಬಾನೆಟ್ ಮುಟ್ಬೇಡ."

ರಾತ್ರಿ ಹತ್ತೂವರೆಗೆ ಗಾಡಿ ಸ್ಲ್ಯಾಬಿನ ಮೇಲೆ ನಿಂತಿತು. ಲಕ್ಷ್ಮಿಕಾಂತ ಎಂಜಿನ್ನಿನ ಕೆಳಗೆ ಹಳೇ ಪೇಪರ್ ಹಾಸಿದ. ಗಂಗಾ ಗೇಟಿಗೆ ಬುತ್ತಿ ತಂದಳು.

"ಒಬ್ಬನ ಹೆಂಗ ಇರ್ತಿ?" ಅಂದಳು.

"ಒಂದ ರಾತ್ರಿ ಅಲ್ಲೇನು. ಸೋಮವಾರ ಬಸ್ಸಿನಾಗ ಕುಂದ್ರಸ್ತೀನಿ ನಿನ್ನ."

"ಬಸ್ಸು ಬ್ಯಾಡ, ನೀ ಬಾ ಸಾಕು."

ಮುನಿಆಂಜನಪ್ಪ ಕೀಲಿ ಹಿಡಿದು ಬಂದ. ಬೀಗ ಒಂದು ರಾತ್ರಿ ಹಾಕಬೇಡಿ ಅಂತ ಲಕ್ಷ್ಮಿಕಾಂತ ಕೇಳಿದ. "ನಿನಗೋಸ್ಕರ ನನ್ನ ಪದ್ಧತಿ ಬದಲಾಯಿಸ್ಲಾ?" ಅಂದ ಓನರ್. ಖಡಕ್. ಹೆಜ್ಜೆ ಸದ್ದು ದೂರ ಆಯಿತು.

ಲಕ್ಷ್ಮಿಕಾಂತ ಡ್ರೈವರ್ ಸೀಟಿನಲ್ಲಿ ಕೂತ. ಸೊಳ್ಳೆ ಅಂತ ಗಾಜು ಏರಿಸಿದ. ಹೊರಗೆ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು, ಆಚೆ ಬೀದಿ ದೀಪ.

ಟಿಣ್... ಟಿಣ್... ಎಂಜಿನ್ ತಣ್ಣಗಾಯಿತು.

ಹನ್ನೆರಡೂವರೆಗೆ ಗೂಡ್ಸ್ ರೈಲು ಹೋಯಿತು. ದಡಕ್ ದಡಕ್, ದಡಕ್ ದಡಕ್... ಸ್ಟೀರಿಂಗ್ ಕೈಯಲ್ಲಿ ನಡುಗಿತು. ಆಮೇಲೆ ನಾಯಿಗಳು. ಎರಡು ಗಂಟೆ ದಾಟಿದ ಮೇಲೆ ನಾಯಿಗಳೂ ನಿಂತವು. ಒಂದೇ ಸಲ. ಯಾರೋ ಬಾಯಿ ಮುಚ್ಚಿದ ಹಾಗೆ.

ಗಾಜಿನ ಮೇಲೆ ಮಂಜು ಕೂತಿತು. ಒಳಗಿನಿಂದ. ಕೈಯಲ್ಲಿ ಒರೆಸಿದ. ಮತ್ತೆ ಕೂತಿತು. ಡ್ಯಾಶ್ ಬೋರ್ಡಿನ ಗಾಳಿ ಬರುವ ಜಾಲರಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಎಂಜಿನ್ ಆಫ್ ಇದೆ. ಫ್ಯಾನ್ ಆಫ್ ಇದೆ. ಗಾಳಿ ಬರುತ್ತಿತ್ತು... ಒಣ ಮಣ್ಣಿನ ವಾಸನೆ. ವರ್ಷಗಟ್ಟಲೆ ಬಿಸಿಲು ಕಾಣದ ಮಣ್ಣು.

ಗುಟುಕ್...

ಕಾಲಿನ ಕೆಳಗೆ. ಗಾಡಿಯ ಕೆಳಗೆ. ಅದಕ್ಕೂ ಕೆಳಗೆ.

ಬಾಗಿಲಿನ ಹಿಡಿ ಎಳೆದ. ಬರಲಿಲ್ಲ. ಆ ಕಡೆ ಬಾಗಿಲು. ಬರಲಿಲ್ಲ. ಗಾಜು ಇಳಿಸುವ ಹ್ಯಾಂಡಲ್ ತಿರುಗಿಸಿದ. ಹ್ಯಾಂಡಲ್ ಸುಮ್ಮನೆ ಸುತ್ತಿತು, ಗಾಜು ಅಲ್ಲಾಡಲಿಲ್ಲ. ಫೋನ್ ತೆಗೆದ. ಟೈಮು ಎರಡೂವರೆ. ಸಿಗ್ನಲ್ ಇಲ್ಲ. ಲಿಂಗರಾಜಪುರದ ನಡುವೆ, ಸಿಗ್ನಲ್ ಇಲ್ಲ. ಹಾರ್ನ್ ಒತ್ತಿದ. ಟಕ್ ಅಂತಷ್ಟೇ ಆಯಿತು.

ಆಗ ಜಾಲರಿಯಿಂದ ದನಿ ಬಂತು. ಪಿಸುಮಾತು. ನಾಲಗೆ ಒಣಗಿದವನ ಮಾತು.

"ತಮ್ಮಾ..."

ಲಕ್ಷ್ಮಿಕಾಂತ ಜಾಲರಿಯಿಂದ ಹಿಂದಕ್ಕೆ ಸರಿದ.

"ತಮ್ಮಾ... ಗೇಟ್ ತಗದಾರೇನು?"

ಊರ ಕಡೆಯ ಮಾತು. ಅದಕ್ಕೇ ಬಾಯಿ ಬಂತು ಅನ್ನುತ್ತಾನೆ ಅವನು. ಬೇರೆ ಮಾತಾಗಿದ್ದರೆ ಎದೆ ಅಲ್ಲೇ ಒಡೆದು ಹೋಗುತ್ತಿತ್ತಂತೆ.

"ಇಲ್ಲ..." ಅಂದ.

"ಟೈಮ್ ಎಷ್ಟಾತು?"

"ಎರಡೂವರಿ."

"ಐದೂವರಿಗೆ ತಗೀತಾನ. ಕಾಯ್ತೀನಿ. ದಿನಾ ಕಾಯ್ತೀನಿ."

"ಯಾರು... ಯಾರ ನೀವು?"

ಕೆಳಗೆ ಏನೋ ಕೆರೆದ ಸದ್ದು. ಉಗುರಿನಿಂದ ಕಲ್ಲು ಕೆರೆದರೆ ಬರುವ ಸದ್ದು. ಆಮೇಲೆ ಮತ್ತೆ ದನಿ.

"ಇವತ್ತು ನೀರು ಬ್ಯಾರೆ ಐತಿ. ಸಿಹಿ ವಾಸನಿ ಬರಾಕತ್ತದ..."

ಲಕ್ಷ್ಮಿಕಾಂತ ಎಷ್ಟಾದರೂ ಡ್ರೈವರು. ಬಾಯಿಗೆ ಮೊದಲು ಬಂದದ್ದು ಒಂದೇ.

"ಕುಡೀಬ್ಯಾಡಣ್ಣ! ಅದು ಕೂಲೆಂಟ್. ವಿಷ ಐತಿ. ಉಗುಳು!"

ಕೆರೆಯುವ ಸದ್ದು ನಿಂತಿತು.

"ಹೌದಲ... ನಾನೂ ಡ್ರೈವರನ. ಮರತಿದ್ದೆ." ಒಂದು ನಿಟ್ಟುಸಿರು. ಗಾಜಿನ ಮೇಲಿನ ಮಂಜು ಇನ್ನಷ್ಟು ದಪ್ಪ ಆಯಿತು. "ಹಂಗಾರ ಎತ್ತಿಡ್ತೀನಿ."

ಕ್ರಿಕ್... ಕ್ರಿಕ್... ಕ್ರಿಕ್. ಪ್ಲಾಸ್ಟಿಕ್ ಮುಚ್ಚಳ ತಿರುಗಿಸುವ ಸದ್ದು. ಕೊನೆಯ ತಿರುವಿಗೆ ಹಲ್ಲು ಕಡಿದು ಬಿಗಿದ ಹಾಗೆ.

"ತಮ್ಮಾ... ನಿನ್ನ ಲೈಸನ್ಸ್ ಕೊಟ್ಟಾನೇನು?"

"ಇಲ್ಲಣ್ಣ."

"ನಂದೂ ಕೊಟ್ಟಿಲ್ಲ."

ಅಷ್ಟೇ. ಗಾಳಿ ನಿಂತಿತು. ನಾಲ್ಕೂ ಬಾಗಿಲಿನ ಲಾಕು ಒಟ್ಟಿಗೆ ಮೇಲೆ ಎದ್ದವು. ಟಪ್. ಹೇಳುತ್ತೇನೆ ಕೇಳಿ, ಆ ಗಾಡಿಯಲ್ಲಿ ಒಟ್ಟಿಗೆ ಏಳುವ ಲಾಕೇ ಇಲ್ಲ. ಒಂದೊಂದನ್ನೂ ಕೈಯಲ್ಲಿ ಎತ್ತಬೇಕು.

ಲಕ್ಷ್ಮಿಕಾಂತ ಇಳಿದು ಗೇಟಿನ ತನಕ ಓಡಿದ. ಬೀಗ. ಹೊರಗಿನಿಂದ. ಗೇಟಿಗೆ ಬೆನ್ನು ಕೊಟ್ಟು ಬೆಳಗಾಗುವ ತನಕ ಕೂತ. ಕೂಗಲಿಲ್ಲ. ಆ ಹೊತ್ತಿನಲ್ಲಿ ಕೂಗಿದರೆ ಬೇರೆ ಯಾರಾದರೂ ಓಗೊಟ್ಟಾರು ಅನ್ನಿಸಿತಂತೆ.

ಐದೂವರೆಗೆ ಬೀಗ ತೆಗೆದರು. ಓನರಿನ ಹಿಂದೆ ಅವನ ತಾಯಿ ದೊಡ್ಡಮುನಿಯಮ್ಮ. ಎಂಬತ್ತರ ಮುದುಕಿ, ದಿನಾ ಬೆಳಿಗ್ಗೆ ಆಲದ ಬುಡಕ್ಕೆ ನೀರು ಹಾಕಿ ಕೈಮುಗಿದು ಹೋಗುವವಳು. ಆರಕ್ಕೆ ಸರಿಯಾಗಿ ಇನಾಯತ್ ಭಾಯ್ ಸ್ಕೂಟರ್ ಬಂತು.

ಭಾಯ್ ಬಾನೆಟ್ ಎತ್ತಿದ. ಸೀಮೆಸುಣ್ಣದ ಗೆರೆ ಹಾಗೇ ಇತ್ತು. ರೇಡಿಯೇಟರಿನ ರಬ್ಬರ್ ಹೋಸ್ ಹಿಸುಕಿದ, ಮೆತ್ತಗಿತ್ತು. ಗ್ಯಾಸ್ಕೆಟ್ ಹೋಗಿದ್ದರೆ ಗಟ್ಟಿಯಾಗಿರಬೇಕು. ಕೆಳಗಿನ ಪೇಪರ್ ಎಳೆದ. ಒಣಗಿ ಗರಿಗರಿ. ಪ್ಲಾಸ್ಟಿಕ್ ಡಬ್ಬಿ ಖಾಲಿ. ಮುಚ್ಚಳ ತೆಗೆದು ಅಳತೆಯ ಜಗ್ಗಿನಿಂದ ತುಂಬಿಸಿದ. ಎರಡು ಲೀಟರ್ ಹಿಡಿಯಿತು.

"ಇದು ಗ್ಯಾಸ್ಕೆಟ್ ಅಲ್ಲ ಸಾಹೇಬ್," ಅಂದ. "ಯಾವ ಮೆಕ್ಯಾನಿಕ್‌ನ ಬೇಕಾದ್ರೂ ಕರೆಸಿ. ಹುಡುಗನ ತಪ್ಪಿಲ್ಲ. ಏನು ಅಂತ ನನಗೂ ಗೊತ್ತಿಲ್ಲ."

ಬೇರೆ ಡ್ರೈವರುಗಳೂ ಬಂದು ನಿಂತಿದ್ದರು. ಅಷ್ಟು ಜನರ ಮುಂದೆ ಕೊಟ್ಟ ಮಾತು. ಮುನಿಆಂಜನಪ್ಪ ಗೊಣಗುತ್ತಾ ಒಳಗೆ ಹೋಗಿ ಲೈಸೆನ್ಸುಗಳ ಕಟ್ಟು ತಂದ. ರಬ್ಬರ್ ಬ್ಯಾಂಡ್ ಬಿಚ್ಚಿ ಒಂದೊಂದೇ ಸರಿಸಿದ. ಮೂರನೆಯದು ಲಕ್ಷ್ಮಿಕಾಂತನದು. ಕೊಟ್ಟ.

ಲಕ್ಷ್ಮಿಕಾಂತ ಜೇಬಿಗೆ ಹಾಕಿಕೊಂಡ. ಗೇಟು ತೆರೆದಿತ್ತು. ನಾಳೆ ಆರಕ್ಕೆ ಕೆ.ಆರ್. ಪುರ. ಹೊರಟು ಹೋಗಬಹುದಿತ್ತು. ಆದರೆ ಅವನ ಕಣ್ಣು ಕಟ್ಟಿನ ಕೊನೆಯ ಕಾರ್ಡಿನ ಮೇಲೆ ನಿಂತಿತ್ತು. ದಪ್ಪ ಮೀಸೆ, ಎಣ್ಣೆ ಹಾಕಿ ಬಾಚಿದ ತಲೆ. ಆ ಮುಖವನ್ನು ಶೇಷಮ್ಮನ ಕೈಯ ಫೋಟೋದಲ್ಲಿ ನೋಡಿದ್ದ.

"ಓನರ್, ಅದು ಹಂಪಣ್ಣಂದು."

"ಹೂಂ. ಓಡಿ ಹೋದ್ನಲ್ಲ."

"ಲೈಸೆನ್ಸ್ ಬಿಟ್ಟು ಯಾವ ಡ್ರೈವರ್ ಓಡಿ ಹೋಗ್ತಾನೆ?"

ಓನರ್ ಕಟ್ಟಿಗೆ ಮತ್ತೆ ರಬ್ಬರ್ ಬ್ಯಾಂಡ್ ಸುತ್ತತೊಡಗಿದ.

"ಆ ರಾತ್ರಿ ಗೇಟಿಗೆ ಬೀಗ ಹಾಕಿದ್ರಾ?"

"ಹಾಕ್ದೆ ಇರ್ತೀನಾ? ಇಪ್ಪತ್ತು ವರ್ಷದಲ್ಲಿ ಒಂದಿನಾನೂ ತಪ್ಪಿಲ್ಲ ನಾನು!" ಹೆಮ್ಮೆಯಿಂದಲೇ ಅಂದ.

"ಬೆಳಿಗ್ಗೆ ಬೀಗ ಒಡೆದಿತ್ತಾ?"

"ಇಲ್ಲ..."

"ಗೋಡೆ ಮೇಲೆ ರಕ್ತ ಇತ್ತಾ?"

ಓನರ್ ಗೋಡೆ ಮೇಲಿನ ಗಾಜಿನ ಚೂರುಗಳ ಕಡೆ ತಿರುಗಿ ನೋಡಿದ.

ಇನಾಯತ್ ಭಾಯ್ ಕೈಯಲ್ಲಿದ್ದ ಜಗ್ಗನ್ನು ಕೆಳಗಿಟ್ಟ. "ಹೊರಗೆ ಹೋಗಿಲ್ಲಾಂದ್ರೆ..." ಅಂದ. ಅಲ್ಲಿಗೇ ನಿಲ್ಲಿಸಿದ. ಎಲ್ಲರೂ ಗಾಡಿಯ ಕೆಳಗಿನ ಸ್ಲ್ಯಾಬ್ ನೋಡಿದರು.

ಆಗ ದೊಡ್ಡಮುನಿಯಮ್ಮ ಮಾತಾಡಿದಳು. "ಆ ಹಂಪಣ್ಣ ಬಾವಿಗೆ ಮುಚ್ಚಿದ್ದ ಹಲಗೆ ಮೇಲೇ ಮಲಗ್ತಿದ್ದ ಕಣೋ ಮುನೀ. ಕೆಳಗಿಂದ ತಂಪು ಗಾಳಿ ಬರ್ತದೆ ಅಜ್ಜೀ ಅಂತಿದ್ದ. ಹುಳ ತಿಂದ ಹಲಗೆ, ಬೇಡಪ್ಪಾ ಅಂತ ನಾನೂ ಹೇಳಿದ್ದೆ. ಅವತ್ತು ಬೆಳಿಗ್ಗೆ ನಡುವಿನ ಹಲಗೆ ಇರಲಿಲ್ಲ. ನಿನಗೆ ಹೇಳ್ದೆ. ಮೇಸ್ತ್ರಿ ಬಂದಿದ್ದಾನೆ, ಗಾರೆ ಕಲಸಿ ಆಗಿದೆ, ಒಳಗೋಗು ಅಂದೆ ನೀನು."

"ಅಮ್ಮಾ, ಸುಮ್ನಿರು."

"ಹಲಗೆ ಮೇಲೇ ತಗಡು ಹಾಸಿ ಕಾಂಕ್ರೀಟ್ ಸುರಿದ್ರಿ. ಯಾರೂ ಬಗ್ಗಿ ನೋಡ್ಲಿಲ್ಲ. ಮೂರು ರಾತ್ರಿ ನನಗೆ ಟಕ್ ಟಕ್ ಅಂತ ಕೇಳ್ತಿತ್ತು. ಪಂಪಿನ ಸದ್ದು ಅಂದೆ ನೀನು."

ಕೇಳಿಸಿಕೊಂಡಿರಾ? ಹೊಸ ಕಾಂಕ್ರೀಟ್ ಗಟ್ಟಿಯಾಗಲಿ ಅಂತ ಅದರ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ಹದಿನೈದು ದಿನ ನೀರು ನಿಲ್ಲಿಸಿದ್ದರು. ಬಿಂದಿಗೆಗಟ್ಟಲೆ ನೀರು, ಬೆಳಿಗ್ಗೆ ಸಂಜೆ. ಮೇಸ್ತ್ರಿ ಒಳ್ಳೆಯ ಕೆಲಸಗಾರ. ಒಂದು ಹನಿ ಕೆಳಗೆ ಇಳಿಯಲಿಲ್ಲ.

"ಒಡೆಸು," ಅಂದಳು ಮುದುಕಿ.

"ಅಮ್ಮಾ..."

ಅವಳು ಹೋಗಿ ಸ್ಲ್ಯಾಬಿನ ಅಂಚಿನಲ್ಲಿ ಕೂತಳು. "ನಿಮ್ಮಪ್ಪ ತೋಡಿಸಿದ ಬಾವಿ. ಒಡೆಸೋ ತನಕ ನಾನು ಏಳಲ್ಲ."

ಓನರ್ ಪೊಲೀಸಿಗೆ ಫೋನ್ ಮಾಡಲಿಲ್ಲ. ಲಕ್ಷ್ಮಿಕಾಂತ ಮಾಡಿದ. ಲೈಸೆನ್ಸ್ ಜೇಬಿನಲ್ಲಿದ್ದವನು ಎಲ್ಲಿಗೆ ಬೇಕಾದರೂ ಫೋನ್ ಮಾಡಬಹುದು. ಡ್ರೈವರುಗಳೇ ಗಾಡಿ ತಳ್ಳಿ ಪಕ್ಕಕ್ಕೆ ಸರಿಸಿದರು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು, ಅಗ್ನಿಶಾಮಕದವರು, ಕಾಂಕ್ರೀಟ್ ಒಡೆಯುವ ಮಷೀನು. ಡಗ್ ಡಗ್ ಡಗ್ ಡಗ್... ನಾಲ್ಕು ಗಂಟೆಗೆ ಒಬ್ಬ ಹಗ್ಗ ಕಟ್ಟಿಕೊಂಡು ಇಳಿದ. ಐವತ್ತು ಅಡಿ.

ಅವನು ಮೇಲೆ ಕಳಿಸಿದ್ದು ಮೊದಲು ಮುರಿದ ಹಲಗೆ. ಆಮೇಲೆ ಒಂದು ಜೊತೆ ರಬ್ಬರ್ ಚಪ್ಪಲಿ. ಆಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿ ಹಂಪಣ್ಣನನ್ನು. ತೂಕವೇ ಇರಲಿಲ್ಲವಂತೆ. ಬಾವಿಯ ತಳ ಬೂದಿಯ ಹಾಗೆ ಒಣಗಿತ್ತಂತೆ. ಗೋಡೆಯ ಕಲ್ಲುಗಳ ಮೇಲೆ ಕೈಗೆಟುಕುವ ಎತ್ತರದ ತನಕ ಗೀರುಗಳು.

ಅವತ್ತು ಬರೆದುಕೊಂಡಿದ್ದ ನಂಬರ್ ಹುಡುಕಿ ಗಂಗಾಳೇ ಶೇಷಮ್ಮನಿಗೆ ಫೋನ್ ಮಾಡಿದಳು. ಮಂಗಳವಾರ ಮುದುಕಿ ಬಂದು ಮಗನ ಲೈಸೆನ್ಸ್ ಇಸಿದುಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಲಕ್ಷ್ಮಿಕಾಂತ ಸೋಮವಾರವೇ ಕೆಲಸಕ್ಕೆ ಸೇರಿದ್ದ. ಈಗಲೂ ಹಳದಿ ಬಸ್ಸು ಓಡಿಸುತ್ತಾನೆ, ಹೋಗಿ ಕೇಳಿ. ಆ ಬಿಳಿ ಗಾಡಿ ಇನ್ನೂ ಓಡುತ್ತಿದೆ. ಗ್ಯಾಸ್ಕೆಟ್ ಬದಲಾಯಿಸಿಲ್ಲ, ಪಂಪು ಬದಲಾಯಿಸಿಲ್ಲ. ಆಮೇಲೆ ಒಂದು ಹನಿ ನೀರು ಕಮ್ಮಿಯಾಗಿಲ್ಲ.

ಆ ಭಾನುವಾರ ಬಾವಿಯಿಂದ ಹಗ್ಗದಲ್ಲಿ ಕೊನೆಗೆ ಇನ್ನೊಂದು ಸಾಮಾನು ಬಂತು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟ್ಲಿ, ಡ್ರೈವರುಗಳು ಸೀಟಿನ ಪಕ್ಕ ಇಟ್ಟುಕೊಳ್ಳುವಂಥದ್ದು. ಲೇಬಲ್ ಮಣ್ಣಾಗಿ ಹೋಗಿತ್ತು. ಒಳಗೆ ಕತ್ತಿನ ತನಕ ಗಿಳಿ ಹಸಿರಿನ ನೀರು. ಇದು ಏನು ಅಂತ ಪೊಲೀಸಿನವನು ಕೇಳಿದ. ಇನಾಯತ್ ಭಾಯ್ ಉತ್ತರ ಹೇಳದೆ ಬಾಟ್ಲಿ ಇಸಿದುಕೊಂಡು ಮುಚ್ಚಳ ತಿರುಗಿಸಿದ. ಬರಲಿಲ್ಲ. ಲಕ್ಷ್ಮಿಕಾಂತ ತಿರುಗಿಸಿದ. ಬರಲಿಲ್ಲ.

ನಲವತ್ತು ಜನ ನೋಡಿದ್ದಾರೆ. ಗಂಗಾ ನೋಡಿದ್ದಾಳೆ. ಕೊನೆಗೆ ಸ್ಕೂಟರಿನ ಡಿಕ್ಕಿಯಿಂದ ಕಟಿಂಗ್ ಪ್ಲೇಯರ್ ತಂದು ಆ ಮುಚ್ಚಳ ತೆಗೆಯಬೇಕಾಯಿತು. ಅಷ್ಟು ಬಿಗಿಯಾಗಿತ್ತು.